ಹೊಗೆಯಿಲ್ಲದ ಬೀದಿ

ಸೌದೆ ಹಸಿ. ಒಲೆ ಹೊತ್ತಿಕೊಳ್ಳಲೊಲ್ಲದು. ಜಾನಕಮ್ಮ ಊದುಕೊಳವೆಗೆ ಬಾಯಿಟ್ಟು ಊದುವುದು, ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು, ಮತ್ತೆ ಊದುವುದು. ಪಕ್ಕದಲ್ಲಿ ಒಂಬತ್ತು ವರ್ಷದ ಮಗಳು ಬೇಬಿ ಬಾಚಣಿಗೆ ಹಿಡಿದು ಜಡೆ ಹಾಕಿಸಿಕೊಳ್ಳಲು ಕಾದು ಕೂತಿದ್ದಳು.

"ಇರು ಪುಟ್ಟಾ, ಅನ್ನಕ್ಕೆ ಇಟ್ಟುಬಿಡ್ತೀನಿ."

ಹಿತ್ತಿಲ ಬಾಗಿಲು ದಡಾರನೆ ಬಡಿದುಕೊಂಡಿತು. ಯಾರೋ ಹೊಸ್ತಿಲಿಗೆ ಎಡವಿ ಒಳಗೆ ಬಿದ್ದರು.

ಕೌಸಲ್ಯಾ. ಗಂಡ ಹರಿದಾಸನ ಹೆಣ ಸಿಕ್ಕ ದಿನದಿಂದ ಮನೆಯ ಹೊಸ್ತಿಲು ದಾಟದವಳು. ಕತ್ತಿನ ಸುತ್ತ ಬೆರಳುಗಳ ಗುರುತು ಕೆಂಪಗೆ ಎದ್ದಿತ್ತು. ಒಂದು ಕಿವಿಯ ಹಾಲೆ ಹರಿದು ಎರಡಾಗಿ, ರಕ್ತ ಹೆಗಲ ಮೇಲೆ ಇಳಿಯುತ್ತಿತ್ತು.

"ಅಕ್ಕಾ... ಹಿತ್ತಿಲ ಬಾವಿ ಹತ್ರ... ಹಿಂದಿನಿಂದ ಬಂದು ಕತ್ತು ಹಿಸುಕಿದ."

ಜಾನಕಮ್ಮ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಒದ್ದೆ ಬಟ್ಟೆಯನ್ನು ಕಿವಿಗೆ ಒತ್ತಿ ಹಿಡಿದಳು. "ಯಾರು? ಮುಖ ನೋಡಿದ್ಯಾ?"

"ನನ್ನ ಮುಖಕ್ಕೇ ಟವೆಲ್ ಮುಚ್ಚಿದ್ದ. 'ಫಿಲಂ ಡಬ್ಬಿ ಎಲ್ಲಿಟ್ಟಿದ್ದೀಯ' ಅಂತ ಒಂದೇ ಮಾತು. ಉಸಿರು ಹೋಗೇಬಿಡ್ತು ಅಂದುಕೊಂಡೆ. ಆಮೇಲೆ ಟವೆಲ್ ಜಾರಿ ಅವನ ಕೈ ಬಾಯಿಗೆ ಸಿಕ್ತು. ಕಚ್ಚಿದೆ ಅಕ್ಕಾ. ಮೂಳೆ ಸಿಗೋವರೆಗೂ ಕಚ್ಚಿದೆ."

"ಒಳ್ಳೇದು ಮಾಡ್ದೆ," ಎಂದಳು ಜಾನಕಮ್ಮ. "ಯಾವ ಕೈ?"

"ಬಲಗೈ."

ಬೇಬಿ ಬಾಚಣಿಗೆಯನ್ನು ಎದೆಗೆ ಅವಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಪಕ್ಕದ ಮನೆಯ ಶಾರದಮ್ಮ ಓಡಿ ಬಂದು, ಒಂದು ಸೈಕಲ್ ರಿಕ್ಷಾ ಹಿಡಿದು ಕೌಸಲ್ಯಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ರಿಕ್ಷಾ ಬೀದಿಯ ತಿರುವು ದಾಟುವಾಗಲೇ ಎದುರಿನಿಂದ ತಿರುಮಲನ ಸೈಕಲ್ ಬಂತು. ಜಾನಕಮ್ಮನ ತಮ್ಮ, ತಿರುವಲ್ಲಿಕೇಣಿ ಠಾಣೆಯ ಸಬ್ ಇನ್ಸ್‌ಪೆಕ್ಟರ್. ಕಂಕುಳಲ್ಲಿ ಕಾಗದದ ಸುರುಳಿಯೊಂದಿತ್ತು.

ನಡೆದದ್ದನ್ನೆಲ್ಲ ಕೇಳಿದ. ನೆಲದ ಮೇಲಿನ ರಕ್ತ ನೋಡಿದ. ಟೋಪಿ ತೆಗೆದು ಮಣೆಯ ಮೇಲೆ ಕೂತ.

"ಲಾಕಪ್ಪಿನಿಂದ ಭಾವನ್ನ ನಾಳೆ ಕೋರ್ಟಿಗೆ ಹಾಜರುಪಡಿಸ್ತಾರೆ ಅಕ್ಕಾ. ಹರಿದಾಸನ ಕೊಲೆ ಕೇಸು. ನನ್ನ ಕೈಲಿ ಇನ್ನು ತಡೆಯೋಕಾಗಲ್ಲ."

"ಮಾಡದ ಕೊಲೆ."

"ಅದನ್ನ ನೀನು ನಂಬಿದರೆ ಸಾಲದಲ್ಲ. ಈ ಪ್ರಕಾಶಕ ಕಮಲಾಕರನ ಹೇಳಿಕೆಯೇ ಭಾವನ ಕತ್ತಿಗೆ ಉರುಳು." ತಿರುಮಲ, ಕಮಲಾಕರ ಠಾಣೆಗೆ ಕೊಟ್ಟಿದ್ದ ಸುರುಳಿಯನ್ನು ಅಡುಗೆಮನೆಯ ನೆಲದ ಮೇಲೆ ಬಿಡಿಸಿದ. ಒಂದು ತುದಿಗೆ ಚೊಂಬು ಹೇರಿದ, ಇನ್ನೊಂದಕ್ಕೆ ಲಟ್ಟಣಿಗೆ.

ಅದು ಮದರಾಸು. ಹಲವು ಚಿತ್ರಗಳನ್ನು ಅಂಚಿಗೆ ಅಂಚು ಸೇರಿಸಿ ಅಂಟಿಸಿದ ಉದ್ದನೆಯ ಮದರಾಸು. ಎಡಗಡೆ ಸಮುದ್ರ, ಅದರ ಮೇಲೆ ಮೀನುಗಾರರ ಕಟ್ಟುಮರಗಳು. ನಡುವೆ ಪಾರ್ಥಸಾರಥಿ ಗುಡಿಯ ಗೋಪುರ. ಬಲತುದಿಯಲ್ಲಿ ಮಸುಕಾಗಿ ಪರಂಗಿಮಲೆಯ ಗುಡ್ಡ. ಇವುಗಳ ಮಧ್ಯೆ ತಾರಸಿಗಳು, ತಾರಸಿಗಳು. ಒಣಗಿದ ಸೀರೆಗಳು, ಮಲಗಿದ ಬೆಕ್ಕುಗಳು.

ಇದಕ್ಕಾಗಿ ಇಬ್ಬರು ಗೆಳೆಯರು ಎರಡು ವರ್ಷ ಊರೆಲ್ಲ ಹತ್ತಿ ಇಳಿದಿದ್ದರು. ಹರಿದಾಸ ಫೋಟೋ ತೆಗೆಯುವವನು. ಜಾನಕಮ್ಮನ ಗಂಡ ರಾಮದಾಸ ಪೆರಂಬೂರಿನ ಬೋಗಿ ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಊರನ್ನು ಎಲ್ಲಿ ನಿಂತು ನೋಡಿದರೆ ಚೆಂದ ಎಂದು ಹುಡುಕುವುದೇ ಅವನ ರಜೆಯ ಹುಚ್ಚು. ಪರಂಗಿಮಲೆಯಿಂದ ನೋಡಿದರೆ ಊರು ಚೆಲ್ಲಿದ ರಾಗಿಯಂತೆ. ಪಲ್ಲಾವರದ ಗುಡ್ಡದಿಂದ ವಿಮಾನ ಕಾಣುತ್ತದೆ, ಊರಿಲ್ಲ. ಹೈಕೋರ್ಟಿನ ದೀಪಸ್ತಂಭದಿಂದ ಬರೀ ಹಡಗು. ಮೌಂಟ್ ರೋಡಿನ ಹದಿನಾಲ್ಕು ಅಂತಸ್ತಿನ ಹೊಸ ಕಟ್ಟಡದಿಂದ ಮನೆಗಳೆಲ್ಲ ಬೆಂಕಿಪೊಟ್ಟಣ.

ಕಡೆಗೆ ರಾಮದಾಸನೇ ಪಿಂಟೋ ಗೋಪುರ ಕಂಡುಹಿಡಿದ. ಹಿಂದೆ ಯಾರೋ ಪರಂಗಿ ವ್ಯಾಪಾರಿ ತನ್ನ ಹಡಗು ಬರುವುದನ್ನು ನೋಡಲು ಕಟ್ಟಿಸಿದ್ದು, ಈಗ ಬಾವಲಿಗಳ ಪಾಲು. ಸಮುದ್ರವೂ ಕಾಣಬೇಕು, ಸಮುದ್ರಕ್ಕೆ ಬೆನ್ನು ತಿರುಗಿಸಿದರೆ ಯಾರ ಮನೆಯ ಸೀರೆ ಒಣಗಿದೆ ಅನ್ನುವುದೂ ಕಾಣಬೇಕು, ಅಷ್ಟೇ ಎತ್ತರ. ಅಲ್ಲಿಂದಲೇ ಗೆಳೆಯರಿಗೆ ಜಗಳ ಹತ್ತಿತು. ಜಾಗ ಹುಡುಕಿದ ನನ್ನ ಹೆಸರೂ ಪುಸ್ತಕದಲ್ಲಿ ಬರಬೇಕು ಎಂದ ರಾಮದಾಸ. ನೋಡಿದವನ ಹೆಸರು ಯಾರು ಹಾಕುತ್ತಾರೆ, ತೆಗೆದವನ ಹೆಸರು ಸಾಕು ಎಂದ ಹರಿದಾಸ. ಬೀದಿಯವರೆಲ್ಲ ಕೇಳಿಸಿಕೊಂಡರು.

ಕಳೆದ ಏಕಾದಶಿಯ ಬೆಳಿಗ್ಗೆ ಹರಿದಾಸ ಆ ಗೋಪುರದ ಬುಡದಲ್ಲಿ ಬಿದ್ದಿದ್ದ. ಬೀಳುವ ಮೊದಲೇ ಯಾರೋ ತಲೆಯ ಹಿಂಭಾಗ ಒಡೆದಿದ್ದರು. ಕ್ಯಾಮೆರಾ ಇರಲಿಲ್ಲ.

"ಕಮಲಾಕರ ಏನು ಹೇಳ್ತಾನೆ?" ಜಾನಕಮ್ಮ ಕೇಳಿದಳು. ಕಮಲಾಕರ ಈ ಚಿತ್ರಗಳನ್ನು ಪುಸ್ತಕ ಮಾಡಲಿದ್ದ ಟಿ. ನಗರದ ಪ್ರಕಾಶಕ.

"ಈ ಚಿತ್ರ ತೆಗೆದದ್ದು ದಶಮಿ ಬೆಳಿಗ್ಗೆ. ಅವತ್ತೇ ಹರಿದಾಸ ಫಿಲಂ ತಂದು ಕೊಟ್ಟ. ಅಲ್ಲಿಗೆ ಗೋಪುರದ ಕೆಲಸ ಮುಗೀತು. ಮಾರನೇ ದಿನ ಅವನು ಮತ್ತೆ ಗೋಪುರ ಹತ್ತಿದ್ದು ಭಾವ ಜಗಳ ತೀರಿಸೋಕೆ ಕರೆದರು ಅಂತ. ತಾನು ಆ ದಿನ ಮನೆ ಬಿಟ್ಟು ಹೊರಗೇ ಬಂದಿಲ್ಲ. ಇಷ್ಟು ಹೇಳ್ತಾನೆ. ಭಾವ ನೋಡಿದರೆ, ಸೆಂಟ್ರಲ್‌ನಲ್ಲಿ ಟ್ರೇನಿನ ಬಾಗಿಲಿಗೆ ಕೈ ಸಿಕ್ಕಿತು, ಅದಕ್ಕೇ ಕಾರ್ಖಾನೆಗೆ ತಡವಾಯ್ತು ಅಂತಾರೆ. ನೋಡಿದವರು ಒಬ್ಬರಿಲ್ಲ."

"ಅಮ್ಮಾ..." ಎಂದಳು ಬೇಬಿ.

"ಏನು ಕಂದಾ?"

"ಒಣ್ಣುಮಿಲ್ಲೆ." ಶಾಲೆಯ ತಮಿಳು, ಏನೂ ಇಲ್ಲ ಎಂದು ತಲೆ ತಗ್ಗಿಸಿದಳು.

ಅಷ್ಟು ಹೊತ್ತು ಸತಾಯಿಸಿದ ಒಲೆ ಈಗ ತಾನಾಗಿಯೇ ಭುಗ್ಗೆಂದಿತು. ಹೊಗೆ ಮೇಲೆದ್ದು ಮಾಡಿನ ಕಿಂಡಿಯಿಂದ ಹೊರಗೆ ನುಗ್ಗಿತು. ತಿರುಮಲ ಕೆಮ್ಮಿದ. ಜಾನಕಮ್ಮ ಕಣ್ಣು ತಿಕ್ಕಿಕೊಳ್ಳುತ್ತ ಚಿತ್ರದ ಮೇಲೆ ಬಾಗಿದಳು.

ಬೆಳಗಿನ ಬೀದಿಗಳು. ಒಂದೊಂದು ಮಾಡಿನ ಮೇಲೂ ಬಿಳಿ ಹೊಗೆಯ ಎಳೆ.

"ನಮ್ಮ ಮನೆ ಯಾವುದೇ ಬೇಬಿ?"

ಬೇಬಿ ಮಂಡಿಯೂರಿ ಬೆರಳಿಟ್ಟಳು. "ಇದೋ, ನಮ್ಮ ವೀಡು."

ಜಾನಕಮ್ಮ ಆ ಬೆರಳಿನಿಂದ ಶುರುಮಾಡಿ ಬೀದಿಯ ಕೊನೆಯವರೆಗೆ ಕಣ್ಣಾಡಿಸಿದಳು. ಎದುರು ಸಾಲಿನಲ್ಲಿ ಹಿಂತಿರುಗಿ ಬಂದಳು.

"ತಿರುಮಲಾ, ನೀನು ಏಕಾದಶಿ ಮಾಡೋದು ಬಿಟ್ಟು ಎಷ್ಟು ವರ್ಷ ಆಯ್ತೋ?"

"ಈಗ ಅದ್ಯಾಕೆ? ಠಾಣೇಲಿ ಇಡ್ಲಿ ತರಿಸ್ತಾರೆ, ತಿಂತೀನಿ. ಬೈಯೋದಾದ್ರೆ ಆಮೇಲೆ ಬೈ."

"ನೋಡು ಇಲ್ಲಿ. ಆ ಕಡೆ ಬೀದೀಲಿ ಹೊಗೆ. ಈ ಕಡೆ ಬೀದೀಲಿ ಹೊಗೆ. ನಡುವೆ ನಮ್ಮ ಮಠದ ಬೀದಿ, ಎರಡು ಸಾಲು ಮನೆ. ಒಂದು ಮನೇಲೂ ಒಲೆ ಹಚ್ಚಿಲ್ಲ."

ತಿರುಮಲ ಚಿತ್ರದ ಮೇಲೆ ಬಗ್ಗಿದವನು ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು.

"ದಶಮಿ ಬೆಳಿಗ್ಗೆ ಆಗಿದ್ರೆ ಮನೆಮನೇಲೂ ಅನ್ನ ಬೇಯ್ತಿರಬೇಕು," ಎಂದಳು ಜಾನಕಮ್ಮ. "ಇದು ಏಕಾದಶಿ ಕಣೋ. ಹರಿದಾಸ ಸತ್ತ ಬೆಳಿಗ್ಗೆ ತೆಗೆದದ್ದು. ಹಾಗಾದ್ರೆ ಈ ಫಿಲಮ್ಮು ಕಮಲಾಕರನ ಕೈಗೆ ಹೇಗೆ ಬಂತು?"

*

ಚಿತ್ರ ಎಲ್ಲಿಂದ ತೆಗೆದದ್ದು ಎಂದು ಜಾಗ ತೋರಿಸಬೇಕು, ಕೋರ್ಟಿಗೆ ಬೇಕು ಎಂದು ಹೇಳಿಕಳಿಸಿದ್ದಕ್ಕೆ ಕಮಲಾಕರ ತಕರಾರಿಲ್ಲದೆ ಪಿಂಟೋ ಗೋಪುರಕ್ಕೆ ಬಂದ. ಬಿಳಿ ಪಂಚೆ, ಗರಿಗರಿ ಜುಬ್ಬ, ಹಣೆಯಲ್ಲಿ ಗಂಧ. ಬಲಗೈಗೆ ಕರವಸ್ತ್ರ ಸುತ್ತಿಕೊಂಡಿದ್ದ.

ಜಾನಕಮ್ಮ ಆ ಕೈಯನ್ನೇ ನೋಡುತ್ತಿದ್ದಳು.

"ಪ್ರೆಸ್ಸಿನ ಮೆಷಿನ್ನಿಗೆ ಸಿಕ್ಕಿತು ಮಾಮಿ," ಎಂದ ಅವನೇ. "ನೀವೂ ಬಂದಿದ್ದೀರಾ? ಮಗು ಬೇರೆ!"

"ಮನೇಲಿ ಒಂಟಿಯಾಗಿ ಬಿಡೋ ಹಾಗಿಲ್ಲ. ಬೆಳಿಗ್ಗೆ ನಮ್ಮ ಹಿತ್ತಿಲಿಗೆ ಹುಚ್ಚುನಾಯಿ ಬಂದಿತ್ತು," ಎಂದಳು ಜಾನಕಮ್ಮ. "ನಿಮ್ಮನ್ನ ಒಂದು ಮಾತು ಕೇಳಿಕೊಳ್ಳೋಣ ಅಂತ ಬಂದೆ."

ಕಾನ್‌ಸ್ಟೇಬಲ್ ಬಾಗಿಲಲ್ಲಿ ನಿಂತ. ಉಳಿದವರು ಸುತ್ತುಮೆಟ್ಟಿಲು ಹತ್ತಿದರು. ಬಾವಲಿಯ ನಾತ. ಗೋಡೆಯಲ್ಲಿ ಕೈಯಗಲದ ಕಿಂಡಿಗಳು. ಒಂದರಲ್ಲಿ ಸಮುದ್ರ, ಮುಂದಿನದರಲ್ಲಿ ಬರೀ ಬಿಸಿಲು. ಮೇಲಿನ ಮೆಟ್ಟಿಲುಗಳಲ್ಲಿ ಒಣಗಿದ ರಕ್ತ ಕಪ್ಪಗೆ ಹೆಪ್ಪುಗಟ್ಟಿ ಉಳಿದಿತ್ತು. ಬೇಬಿ ಅದನ್ನು ತುಳಿಯದೆ ಕಾಲು ಎತ್ತಿಟ್ಟು ಹತ್ತಿದಳು.

ತುದಿಯಲ್ಲಿ ಗಾಳಿ ಸೀರೆಯನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಸೊಂಟದೆತ್ತರದ ಮೋಟುಗೋಡೆ, ಅದರ ಮೇಲೆ ತುಕ್ಕು ಹಿಡಿದ ಕಂಬಿ, ಅರ್ಧಕ್ಕರ್ಧ ಸಡಿಲ. ಕೆಳಗೆ ಇಡೀ ಊರು ಮುಖ ತೊಳೆದುಕೊಂಡು ಕೂತಂತಿತ್ತು. ಗಂಡ ಇದಕ್ಕೇಕೆ ಹುಚ್ಚನಾದ ಎಂದು ಜಾನಕಮ್ಮನಿಗೆ ಮೊದಲ ಸಲ ಅರ್ಥವಾಯಿತು.

"ಇಲ್ಲೇ ಕೂತಿರು," ಎಂದು ಬೇಬಿಯನ್ನು ಮೆಟ್ಟಿಲ ಬಾಯಲ್ಲಿ ಕೂರಿಸಿದಳು.

ಕಮಲಾಕರ ಮೂಲೆ ತೋರಿಸಿದ. "ಇಲ್ಲಿ ನಿಲ್ಲಿಸಿದ್ದು ಕ್ಯಾಮೆರಾನ ಅಂತ ಹರಿದಾಸನೇ ಹೇಳಿದ್ದ. ನಾನು ಮೇಲೆ ಹತ್ತಿದ್ದು ಇವತ್ತೇ ಮೊದಲು."

"ದಶಮಿ ದಿನ ತೆಗೆದದ್ದಲ್ವಾ?" ಜಾನಕಮ್ಮ ಚಿತ್ರವನ್ನು ಬಿಡಿಸಿ ಹಿಡಿದಳು. "ನಮ್ಮ ಮಠದ ಬೀದೀಲಿ ಹೊಗೆ ಎಲ್ಲಿ ತೋರಿಸಿ, ನೋಡೋಣ."

"ಹೊಗೆಯಾ?"

"ಅಡುಗೆ ಹೊಗೆ. ನಿಮ್ಮ ತಾಯಿಯವರೂ ನಮ್ಮ ಮಠದವರೇ ಅಲ್ವಾ? ಏಕಾದಶಿ ದಿನ ಒಲೆ ಸಾರಿಸಿ ರಂಗೋಲಿ ಹಾಕಿ ಬಿಟ್ಟುಬಿಡ್ತಿದ್ರು. ನೀವು ಹೋಟೆಲ್ ಊಟದಲ್ಲಿ ಮರೆತಿದ್ದೀರ."

ಕಮಲಾಕರ ನಕ್ಕ. "ಎನ್ನ ಸಾರ್, ಏನಿದು! ಹೊಗೆ ಇಲ್ಲ ಅಂತ ಕೇಸಾ? ಮಕ್ಕಳಿರೋ ಮನೇಲಿ ಹಾಲೂ ಕಾಯಿಸಲ್ವಾ ಮಾಮಿ?"

"ಹಾಲಿಗೆ ಸೀಮೆಎಣ್ಣೆ ಸ್ಟೌ ಇದೆ. ಹೊಗೆ ಬರಲ್ಲ. ಸ್ನಾನ ಬಾವಿಯ ತಣ್ಣೀರಲ್ಲಿ."

"ಹಾಗಾದ್ರೆ ಯಾವುದೋ ಹಳೇ ಏಕಾದಶಿ ಇರಬೇಕು. ಹರಿದಾಸ ನನಗೆ ಸುಳ್ಳು ಹೇಳಿರಬೇಕು."

"ಶಾರದಮ್ಮನ ಮನೆ ಮುಂದೆ ಏನಿದೆ ನೋಡಿ."

ಅವನು ನೋಡಲಿಲ್ಲ. ತಿರುಮಲ ನೋಡಿದ. "ಚಪ್ಪರ."

"ಮಗಳ ಮದುವೆಗೆ ಹಾಕಿದ್ದು. ಮದುವೆ ಆದದ್ದು ತ್ರಯೋದಶಿ. ಆ ವಾರ ಬಿಟ್ಟು ಬೇರೆ ಯಾವತ್ತೂ ಅಲ್ಲಿ ಚಪ್ಪರ ಇರಲಿಲ್ಲ." ಜಾನಕಮ್ಮನ ದನಿ ಗಂಜಿ ಕುಡಿಸುವಾಗಿನಷ್ಟೇ ಮೆಲ್ಲಗಿತ್ತು. "ಆ ವಾರದಲ್ಲಿ ಏಕಾದಶಿ ಒಂದೇ. ಅವತ್ತು ಹರಿದಾಸ ಇಲ್ಲಿಂದ ಇಳಿದು ನಿಮ್ಮ ಅಂಗಡಿಗೆ ಬರಲಿಲ್ಲ. ಬಿದ್ದು ಸತ್ತ. ಈಗ ಆ ಕರವಸ್ತ್ರ ಬಿಚ್ಚಿ. ಮೆಷಿನ್ನಿಗೆ ಹಲ್ಲಿರುತ್ತೋ ಇಲ್ವೋ ನೋಡೇಬಿಡೋಣ."

ತಿರುಮಲ ಮುಂದೆ ಹೆಜ್ಜೆಯಿಟ್ಟ.

ಕಮಲಾಕರ ಹಿಂದಕ್ಕೆ ಸರಿದ. ಅವನ ಎಡಗೈಗೆ ಮೋಟುಗೋಡೆಯ ಸಡಿಲ ಕಂಬಿ ಸಿಕ್ಕಿತು. ಅದು ಗಾರೆಯಿಂದ ಕಿತ್ತು ಬಂದದ್ದೂ, ತಿರುಮಲನ ಭುಜದ ಮೇಲೆ ಅಪ್ಪಳಿಸಿದ್ದೂ ಒಂದೇ ಕ್ಷಣ. ಎಲುಬು ಮುರಿದ ಸದ್ದು ಗಾಳಿಯಲ್ಲೂ ಕೇಳಿಸಿತು. ಎರಡನೆಯ ಏಟು ಹಣೆಗೆ ಬಿತ್ತು. ತಿರುಮಲ ಕುಸಿದ. ರಕ್ತ ಅವನ ಹುಬ್ಬು, ಕಣ್ಣು, ಮೀಸೆಯ ಮೇಲೆ ಹರಿಯಿತು.

"ಮಾಮಾ!" ಬೇಬಿ ಕಿರುಚಿದಳು.

"ಕೆಳಗೆ ಓಡು!" ಎಂದಳು ಜಾನಕಮ್ಮ. ಬೇಬಿ ಓಡಲಿಲ್ಲ.

ಕಂಬಿ ಮತ್ತೆ ಮೇಲೆದ್ದಿತು. ಜಾನಕಮ್ಮ ಅದರ ಕೆಳಗೆ ನುಗ್ಗಿ ಕಮಲಾಕರನ ಹೊಟ್ಟೆಗೆ ತಲೆಯಿಂದ ಗುದ್ದಿದಳು. ಅವನು ತೂಗಾಡಿ, ಕಂಬಿ ಬಿಟ್ಟು, ಅವಳ ಕೂದಲು ಹಿಡಿದ. ತುರುಬು ಬಿಚ್ಚಿತು. ಅದನ್ನು ಮುಂಗೈಗೆ ಸುತ್ತಿಕೊಂಡು ಅವಳನ್ನು ಮೋಟುಗೋಡೆಯ ಮೇಲೆ ಬಾಗಿಸಿದ. ಕಲ್ಲಿನ ಅಂಚು ಪಕ್ಕೆಲುಬಿಗೆ ಒತ್ತಿತು. ಕಾಲು ನೆಲ ಬಿಟ್ಟಿತು.

ಕೆಳಗೆ, ಬಹಳ ಕೆಳಗೆ, ಹರಿದಾಸ ಬಿದ್ದ ಜಾಗಕ್ಕೆ ಯಾರೋ ಸುಣ್ಣ ಎರಚಿದ್ದರು. ಆ ಬಿಳಿ ಮಚ್ಚೆ ಮೇಲೆ ಮೇಲೆ ಬರುವಂತೆ ಕಂಡಿತು.

"ಎರಡು ವರ್ಷ ಸಾಕಿದ್ದೀನಿ ಅವನನ್ನ!" ಕಮಲಾಕರನ ಉಸಿರು ಅವಳ ಕಿವಿಯಲ್ಲಿ ಬುಸುಗುಟ್ಟುತ್ತಿತ್ತು. "ನನ್ನ ಪುಸ್ತಕ ಅದು! ಕಡೇ ಗಳಿಗೇಲಿ ಬೊಂಬಾಯಿಯವನಿಗೆ ಕೊಡ್ತೀನಿ ಅಂತಾನೆ!"

ಜಾನಕಮ್ಮನ ಕೈ ಗೋಡೆ ತಡವಿತು, ಗಾಳಿ ತಡವಿತು, ಕಡೆಗೆ ತನ್ನ ಕೂದಲಿಗೆ ಸುತ್ತಿದ್ದ ಅವನ ಬಲಗೈ ಸಿಕ್ಕಿತು. ಕರವಸ್ತ್ರ ಒದ್ದೆಯಾಗಿತ್ತು. ಅವಳು ಹೆಬ್ಬೆರಳನ್ನು ಅದರೊಳಕ್ಕೆ ತೂರಿಸಿದಳು. ಕೌಸಲ್ಯಾಳ ಹಲ್ಲು ಇಳಿದ ಜಾಗ ಸಿಕ್ಕಿತು. ಹಿಟ್ಟು ನಾದುವವಳ ಹೆಬ್ಬೆರಳು. ಉಗುರು ಮರೆಯಾಗುವವರೆಗೂ ಒತ್ತಿದಳು.

ಕಮಲಾಕರ ಹಂದಿಯಂತೆ ಅರಚಿದ. ಹಿಡಿತ ಬಿಟ್ಟಿತು. ಅವಳು ಒಳಕ್ಕೆ ಉರುಳಿ ಬಿದ್ದಳು. ಅಷ್ಟರಲ್ಲಿ ತಿರುಮಲ ತೆವಳಿಕೊಂಡು ಬಂದು, ಒಂದೇ ಕೈಯಲ್ಲಿ, ಅವನ ಕಾಲು ಎಳೆದ. ಮುಖ ಕಲ್ಲಿಗೆ ಬಡಿಯಿತು. ಹಲ್ಲು ಚದುರಿದವು. ಮೆಟ್ಟಿಲು ಹತ್ತಿ ಬಂದ ಕಾನ್‌ಸ್ಟೇಬಲ್ ಅವನ ಬೆನ್ನ ಮೇಲೆ ಮಂಡಿಯೂರಿ ಬೇಡಿ ಹಾಕಿದ.

ಜಾನಕಮ್ಮ ಮೊದಲು ಮಗಳ ಮೈಕೈ ತಡವಿ ನೋಡಿದಳು. ಆಮೇಲೆ ಸೆರಗು ಹರಿದು ತಮ್ಮನ ಹಣೆಗೆ ಕಟ್ಟಿದಳು.

"ನೋವಾ?"

"ಇಡ್ಲಿ ತಿಂದ ಪಾಪಕ್ಕೆ," ಎಂದ ತಿರುಮಲ ಹಲ್ಲು ಕಚ್ಚಿಕೊಂಡು. "ಭಾವ ನಾಳೆ ಮನೆಗೆ ಬರ್ತಾರೆ ಅಕ್ಕಾ. ಇನ್ನೇನೂ ಬೇಡ, ಇವತ್ತು ಇವನು ಮಾಡಿದ್ದೇ ಸಾಕು."

ಗಂಡನಿಗೆ ನಾಳೆ ಏನು ಅಡುಗೆ ಮಾಡುವುದು ಎಂಬ ಯೋಚನೆ, ಅಷ್ಟು ರಕ್ತದ ನಡುವೆ, ಜಾನಕಮ್ಮನಿಗೆ ತಾನಾಗಿಯೇ ಬಂದುಬಿಟ್ಟಿತು.

ನೆಲಕ್ಕೆ ಮುಖ ಒತ್ತಿದ್ದ ಕಮಲಾಕರ ನಗುತ್ತಿದ್ದ. ಬಾಯಿಂದ ರಕ್ತದ ನೊರೆ ಬರುತ್ತಿತ್ತು.

"ಬರ್ತಾರೆ, ಬರ್ತಾರೆ. ಮಾಮಿ, ಫಿಲಂ ಕದ್ದೋನು ನಾನೇ. ಕೌಸಲ್ಯನ ಕತ್ತು ಹಿಸುಕಿದೋನೂ ನಾನೇ, ಉಳಿದ ಚಿತ್ರಗಳು ಬೇಕಿತ್ತು. ಏಕಾದಶಿ ಬೆಳಿಗ್ಗೆ ಇಲ್ಲಿಗೆ ಹತ್ತಿದ್ದೂ ನಿಜ. ನಾನು ಬಂದಾಗ ಇಲ್ಲಿ ಕ್ಯಾಮೆರಾ ಒಂದೇ ನಿಂತಿತ್ತು. ಹರಿದಾಸ ಆಗಲೇ ಕೆಳಗೆ ಬಿದ್ದಿದ್ದ."

"ಸುಳ್ಳು," ಎಂದ ತಿರುಮಲ.

"ಹತ್ತುವಾಗ ಮೆಟ್ಟಿಲಲ್ಲಿ ಒಬ್ಬರು ಎದುರಾದ್ರು. ನನ್ನ ಮುಖ ಕೂಡ ನೋಡದೆ ಇಳಿದು ಹೋದ್ರು. ಶರಟಿನ ತೋಳು ಮೊಣಕೈವರೆಗೂ ರಕ್ತ. ಯಾರು ಅಂತ ಹೇಳ್ಲಾ ಮಾಮಿ? ದಿನಾ ಬಡಿಸ್ತೀರಲ್ಲ, ಅವರೇ."

"ನೋಡಿದವನು ಇಷ್ಟು ದಿನ ಯಾಕೆ ಬಾಯಿ ಬಿಡಲಿಲ್ಲ?" ತಿರುಮಲ ಗದರಿದ.

"ಬಿಟ್ಟಿದ್ರೆ ನಾನೂ ಇಲ್ಲಿದ್ದೆ ಅಂತಾಗ್ತಿತ್ತು. ಕ್ಯಾಮೆರಾ, ಫಿಲಂ ಎಲ್ಲ ನಿಮ್ಮ ಕೈಗೆ ಹೋಗ್ತಿತ್ತು. ಅದಕ್ಕೇ ದಶಮಿ ಕಥೆ ಕಟ್ಟಿ ಅವರನ್ನ ಸಿಕ್ಕಿಸಿದೆ."

"ಇವನ ಮಾತು ಕೇಳಬೇಡ ಅಕ್ಕಾ. ಗಲ್ಲಿನ ಭಯಕ್ಕೆ ಕಥೆ ಕಟ್ತಿದ್ದಾನೆ. ಎಳ್ಕೊಂಡು ನಡೆಯಯ್ಯಾ ಇವನನ್ನ."

"ನಾನೇನೂ ಕೇಳ್ತಿಲ್ಲ," ಎಂದಳು ಜಾನಕಮ್ಮ. ಬಿಚ್ಚಿದ ಕೂದಲನ್ನು ಬಿಗಿಯಾಗಿ ಗಂಟು ಹಾಕಿಕೊಂಡಳು. "ಅವರು ಟ್ರೇನಿನಲ್ಲಿದ್ರು. ನಡಿ ಪುಟ್ಟಾ, ಕೆಳಗೆ ಹೋಗೋಣ. ನಾಳೆ ನಿಮ್ಮಪ್ಪ ಬರ್ತಾರೆ."

ಬೇಬಿ ಕೈ ಹಿಡಿದುಕೊಳ್ಳಲಿಲ್ಲ. ಮೆಟ್ಟಿಲ ಬಾಯಲ್ಲಿ ಎದ್ದು ನಿಂತಿದ್ದಳು. ಎಂಟು ದಿನದಿಂದ ನುಂಗಿ ನುಂಗಿ ಇಟ್ಟುಕೊಂಡದ್ದು ಈಗ ನಾಲಿಗೆಯ ತುದಿಗೆ ಬಂದಿತ್ತು. ಈ ಸಲ ತಮಿಳಿನಲ್ಲಿ ಮಾತು ಹಾರಿಸಲಿಲ್ಲ. ಮಾಮ ನೋಡುತ್ತಿದ್ದ, ಕಾನ್‌ಸ್ಟೇಬಲ್ ನೋಡುತ್ತಿದ್ದ, ನೆಲದ ಮೇಲಿದ್ದವನೂ ನಗು ನಿಲ್ಲಿಸಿದ್ದ. ಅವಳು ಅಮ್ಮನ ಕಣ್ಣನ್ನೇ ನೋಡುತ್ತ, ಅಮ್ಮನ ಭಾಷೆಯಲ್ಲೇ, ಗಟ್ಟಿಯಾಗಿ ಕೇಳಿದಳು.

"ಅಮ್ಮಾ, ಅವತ್ತು ಅಪ್ಪ ಕೈಗೆ ಬಟ್ಟೆ ಸುತ್ಕೊಂಡು ಮನೆಗೆ ಬಂದ್ರಲ್ಲ. ಬಚ್ಚಲಲ್ಲಿ ಬಿಚ್ಚಿದಾಗ ನಾನು ನೋಡ್ದೆ. ಗಾಯಾನೇ ಇರ್ಲಿಲ್ಲ. ನೀನು ಉಪ್ಪುನೀರಲ್ಲಿ ನೆನೆಹಾಕಿದ ಶರಟಿನ ತುಂಬ ಇದ್ದದ್ದು ಯಾರ ರಕ್ತಮ್ಮಾ?"